ಮಂತ್ರಿಗಳೇ, ನಮ್ಮೂರ ಶಾಲೆಯ ಲೆಕ್ಕ ಹೇಳಿ!

‘ವಿಧಾನಸಭೆಯಲ್ಲಿ ಪ್ರಶ್ನೋತ್ತರ’ ಎಂಬ ತಲೆಬರಹ ಕಂಡ ಕೂಡಲೆ ಪತ್ರಿಕೆಯ ಆ ಪುಟವನ್ನು ಮಡಿಸಿ, ಅಕ್ಕಿ ಆರಿಸಲು ಹಾಸಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ತಪ್ಪೇನೂ ಅಲ್ಲ ಬಿಡಿ. ಅಲ್ಲಿನ ಭಾಷೆಯೇ ಹಾಗಿರುತ್ತದೆ. ‘ಸದರಿ ವಿಷಯವು ಸರ್ಕಾರದ ಪರಿಶೀಲನೆಯಲ್ಲಿರುತ್ತದೆ’ ಅಂದರೆ ಯಾರಿಗೆ ತಾನೆ ಓದುವ ಉತ್ಸಾಹ ಬಂದೀತು? ‘ಗಂಡಸರ ವಿಷಯ, ನಮಗ್ಯಾಕೆ’ ಅಂತ ಪುಟ ತಿರುವಿಬಿಡುತ್ತೇವೆ.

ಆದರೆ ಒಂದು ಮಾತು ಯೋಚಿಸಿ ನೋಡಿ. ಆ ಪುಟದಲ್ಲಿ ಮಂತ್ರಿಗಳು ಉತ್ತರ ಕೊಡುತ್ತಿರುವುದು ಯಾವುದಕ್ಕೆ? ನಿಮ್ಮ ಮಗಳ ತರಗತಿಗೆ ಮೇಷ್ಟ್ರು ಇದ್ದಾರೆಯೆ, ಇಲ್ಲವೆ ಎಂಬುದಕ್ಕೆ. ಶಾಲೆಯಲ್ಲಿ ಹುಡುಗಿಯರಿಗೆ ಬೇರೆ ಶೌಚಾಲಯ ಉಂಟೆ ಎಂಬುದಕ್ಕೆ. ಮಧ್ಯಾಹ್ನದ ಊಟದ ಬೇಳೆ ಸಮಯಕ್ಕೆ ಬಂತೆ ಎಂಬುದಕ್ಕೆ. ಇವು ಯಾವುವೂ ಗಂಡಸರ ವಿಷಯ ಅಲ್ಲವಲ್ಲ! ಬೆಳಿಗ್ಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಮಗುವನ್ನು ಕಳಿಸುವವರು ನೀವು. ಸಂಜೆ ಬಂದ ಮಗುವಿನ ಮುಖ ನೋಡಿದ ಕೂಡಲೆ ಶಾಲೆಯಲ್ಲಿ ಏನಾಯಿತು ಎಂದು ತಿಳಿಯುವುದೂ ನಿಮಗೇ. ಹಾಗಿರುವಾಗ, ಮಂತ್ರಿಗಳ ಉತ್ತರ ಮೊದಲು ಓದಬೇಕಾದವರು ಯಾರು?

ತೊಟ್ಟಿಲಿನ ಹರಕೆಯ ಊರಿನಿಂದ

ಚನ್ನಪಟ್ಟಣ ದಾಟಿ ಮೈಸೂರಿನ ಕಡೆಗೆ ಹಳೆಯ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಹೋದರೆ ದೊಡ್ಡಮಳೂರು. ಅಪ್ರಮೇಯಸ್ವಾಮಿಯ ದೇವಸ್ಥಾನ, ಅದರೊಳಗೆ ಅಂಬೆಗಾಲಿಡುವ ನವನೀತಕೃಷ್ಣ. ಮಕ್ಕಳಿಲ್ಲದವರು ಬಂದು ಬೇಡಿಕೊಂಡು ಪುಟ್ಟ ತೊಟ್ಟಿಲಿನ ಹರಕೆ ಹೊರುವ ಜಾಗ ಎಂದು ನಾಡಿಗೆಲ್ಲಾ ಗೊತ್ತು. ನಿಮ್ಮಲ್ಲೇ ಕೆಲವರು ಅಲ್ಲಿಗೆ ಹೋಗಿ ಬಂದಿರಬಹುದು.

ತೊಟ್ಟಿಲಿಗೆ ಬೇಡಿದ ತಾಯಿಗೆ, ಮಗುವಿಗೆ ಆರು ವರ್ಷ ತುಂಬುತ್ತಲೇ ಇನ್ನೊಂದು ಬೇಡಿಕೆ ಶುರುವಾಗುತ್ತದೆ. ಒಳ್ಳೆಯ ಶಾಲೆ ಬೇಕು, ದಿನಾ ಬರುವ ಮೇಷ್ಟ್ರು ಬೇಕು, ಮಗಳು ಹೆದರಿಕೆಯಿಲ್ಲದೆ ಹೋಗಿ ಬರುವ ದಾರಿ ಬೇಕು. ಇದಕ್ಕೆ ದೇವರ ಮುಂದೆ ಕೈಮುಗಿದರೆ ಸಾಲದು. ಕೇಳಬೇಕಾದ ಜಾಗವೇ ಬೇರೆ. ಅದು ದೊಡ್ಡಮಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ವಿಧಾನಸೌಧ.

ಆ ಕಲ್ಲಿನ ಕಟ್ಟಡಕ್ಕೂ ಈ ಸೀಮೆಗೂ ನಂಟು ಉಂಟು. ವಿಧಾನಸೌಧಕ್ಕೆ 1951ರಲ್ಲಿ ಅಸ್ತಿಭಾರ ಹಾಕಿದ್ದು ಪ್ರಧಾನಿ ನೆಹರೂ. ಅದನ್ನು ಈಗ ನಾವು ನೋಡುವ ರೂಪದಲ್ಲಿ ಕಟ್ಟಿಸಿ ನಿಲ್ಲಿಸಿದವರು 1952ರಿಂದ 1956ರವರೆಗೆ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು. 1908ರಲ್ಲಿ ರಾಮನಗರದ ಕಡೆಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದವರು. ಚನ್ನಪಟ್ಟಣದ ದಾರಿಯ ಕೆಂಗಲ್ ಆಂಜನೇಯನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಆ ಕಟ್ಟಡದ ಹಣೆಯ ಮೇಲೆ ಕೆತ್ತಿಸಿದ್ದು ಅವರ ಕಾಲದಲ್ಲೇ. ಮುಂದೆ 1967ರಲ್ಲಿ, ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಯಾದ ಮೇಲೆ, ಇಡೀ ದೇಶದ ಆಡಳಿತ ಸುಧಾರಣಾ ಆಯೋಗಕ್ಕೆ ಇದೇ ಹನುಮಂತಯ್ಯನವರು ಅಧ್ಯಕ್ಷರಾದರು. ಕಚೇರಿಯ ಕಡತ ಯಾಕೆ ಮುಂದೆ ಹೋಗುವುದಿಲ್ಲ, ಪ್ರಜೆಯ ದೂರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನೆಲ್ಲಾ ವಿಚಾರ ಮಾಡಿದ ಆಯೋಗ ಅದು.

ದೇವರ ಕೆಲಸ ಅಂತ ಬರೆದಾಯಿತು, ಸರಿ. ಆದರೆ ದೇವರಿಗಿಲ್ಲದ ಒಂದು ಕಟ್ಟುಪಾಡು ಮಂತ್ರಿಗಳಿಗಿದೆ. ಕೇಳಿದರೆ ಅವರು ಉತ್ತರ ಕೊಡಲೇಬೇಕು!

ಆ ಒಂದು ಗಂಟೆಯಲ್ಲಿ ನಡೆಯುವುದೇನು?

ಸಭೆ ಸೇರಿದ ದಿನ ಮೊದಲ ಕೆಲಸಗಳಲ್ಲಿ ಒಂದು ಪ್ರಶ್ನೋತ್ತರದ ಅವಧಿ. ಆಡಳಿತ ಪಕ್ಷದವರೇ ಇರಲಿ, ವಿರೋಧ ಪಕ್ಷದವರೇ ಇರಲಿ, ಯಾವ ಸದಸ್ಯರು ಬೇಕಾದರೂ ಯಾವ ಇಲಾಖೆಯ ಮಂತ್ರಿಗಳನ್ನಾದರೂ ಪ್ರಶ್ನೆ ಕೇಳಬಹುದು. ಈ ಹಕ್ಕು ಒಂದೇ ದಿನದಲ್ಲಿ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ 1892ರ ಕಾಯಿದೆಯಿಂದ ಶಾಸನಸಭೆಯವರಿಗೆ ಪ್ರಶ್ನೆ ಕೇಳಲು ಅವಕಾಶ ಸಿಕ್ಕಿತು. ಆದರೆ ಉತ್ತರ ಕೇಳಿ ಸುಮ್ಮನೆ ಕೂರಬೇಕಿತ್ತು. ‘ಹಾಗಾದರೆ ಇದು ಹೇಗೆ?’ ಎಂದು ಮರುಪ್ರಶ್ನೆ ಹಾಕುವ ಹಕ್ಕು ಬಂದದ್ದು 1909ರಲ್ಲಿ. ಮರುಪ್ರಶ್ನೆಯ ಬೆಲೆ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ‘ಓದಿದೆ’ ಎಂದ ಮಗನನ್ನು ‘ಯಾವ ಪಾಠ?’ ಎಂದು ಕೇಳಿದಾಗಲೇ ತಾನೆ ನಿಜ ಹೊರಬೀಳುವುದು!

ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ತಾಲ್ಲೂಕುಗಳಿಂದ ಬಂದವರು ತಮ್ಮೂರಿನ ಕಷ್ಟ ಸುಖ ಅರಿಕೆ ಮಾಡಿಕೊಳ್ಳುತ್ತಿದ್ದರು. ಅಂದು ಅದು ಅರಿಕೆ, ಇಂದು ಅದೇ ಹಕ್ಕು.

ಪ್ರಶ್ನೆಗಳಲ್ಲಿ ಎರಡು ಮುಖ್ಯ ಜಾತಿ. ಒಂದು ಚುಕ್ಕೆ ಗುರುತಿನ ಪ್ರಶ್ನೆ. ಇದಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಹೇಳಬೇಕು, ಮರುಪ್ರಶ್ನೆಗೂ ಸಿದ್ಧವಾಗಿರಬೇಕು. ಇನ್ನೊಂದು ಚುಕ್ಕೆಯಿಲ್ಲದ ಪ್ರಶ್ನೆ. ಇದಕ್ಕೆ ಬರವಣಿಗೆಯ ಉತ್ತರವಷ್ಟೆ. ದಿಲ್ಲಿಯ ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆಯಿಲ್ಲದ ಪ್ರಶ್ನೆ. ಪ್ರಶ್ನೆಯ ಸೂಚನೆಯನ್ನು 15 ದಿನ ಮೊದಲೇ ಕೊಟ್ಟಿರಬೇಕು. ಚುಕ್ಕೆ ಪ್ರಶ್ನೆಗಳ ಪಟ್ಟಿಯನ್ನು ಹಸಿರು ಕಾಗದದ ಮೇಲೆ, ಉಳಿದವನ್ನು ಬಿಳಿಯ ಕಾಗದದ ಮೇಲೆ ಅಚ್ಚು ಹಾಕುವ ಪದ್ಧತಿ ಬಹಳ ಕಾಲದ್ದು.

ನಮ್ಮ ರಾಜ್ಯದಲ್ಲಿ ವಿಧಾನಸಭೆಯ 224 ಸ್ಥಾನಗಳ ಜೊತೆಗೆ 75 ಸ್ಥಾನಗಳ ವಿಧಾನ ಪರಿಷತ್ತೂ ಉಂಟು. ಪರಿಷತ್ತಿನಲ್ಲಿ 7 ಮಂದಿಯನ್ನು ಶಿಕ್ಷಕರೇ ಆರಿಸಿ ಕಳಿಸುತ್ತಾರೆ, ಇನ್ನು 7 ಮಂದಿಯನ್ನು ಪದವೀಧರರು. ಹಾಗಾಗಿ ಶಾಲೆಯ ಮಾತು ಅಲ್ಲಿ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ.

ಇಷ್ಟೆಲ್ಲಾ ಗಂಡಸರ ಗಲಾಟೆಯೇ ಅಂತೀರಾ? 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಸಭಾಧ್ಯಕ್ಷರ ಪೀಠದಲ್ಲಿ ಕೂತು, ಯಾರು ಕೇಳಬೇಕು, ಯಾರು ಕೂರಬೇಕು ಎಂದು ಹೇಳುತ್ತಿದ್ದವರು ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು. ಕರ್ನಾಟಕದ ವಿಧಾನಸಭೆಗೆ ಮೊದಲ ಮಹಿಳಾ ಸಭಾಧ್ಯಕ್ಷರು ಅವರೇ. ಮಂತ್ರಿಗಳೂ ಅವರ ಅಪ್ಪಣೆ ಪಡೆದೇ ಮಾತಾಡಬೇಕಿತ್ತು.

ಕೇಳಿದಾಗ ಎಣಿಕೆ ಶುರು

ಸರಿ, ಯಾರೋ ಕೇಳುತ್ತಾರೆ, ಯಾರೋ ಹೇಳುತ್ತಾರೆ, ಅದರಿಂದ ನಮ್ಮ ಶಾಲೆಯ ಸೋರುವ ಸೂರು ನಿಲ್ಲುತ್ತದೆಯೆ? ನ್ಯಾಯವಾದ ಅನುಮಾನ. ಉತ್ತರ ಸಿದ್ಧವಾಗುವ ಬಗೆಯನ್ನು ಸ್ವಲ್ಪ ನೋಡೋಣ.

ನಿಮ್ಮ ಶಾಸಕರು ‘ನಮ್ಮ ತಾಲ್ಲೂಕಿನಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳೆಷ್ಟು?’ ಎಂದು ಕೇಳಿದರು ಅಂತಿಟ್ಟುಕೊಳ್ಳಿ. ಆ ಲೆಕ್ಕ ಮಂತ್ರಿಗಳ ಜೇಬಿನಲ್ಲಿರುವುದಿಲ್ಲ. ಪ್ರಶ್ನೆ ಸಚಿವಾಲಯಕ್ಕೆ ಹೋಗುತ್ತದೆ. ಅಲ್ಲಿಂದ ಶಿಕ್ಷಣ ಇಲಾಖೆಯ ಆಯುಕ್ತರಿಗೆ, ಅವರಿಂದ ಜಿಲ್ಲೆಯ ಉಪನಿರ್ದೇಶಕರಿಗೆ, ಅಲ್ಲಿಂದ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಕೊನೆಗೆ ನಿಮ್ಮೂರಿನ ಮುಖ್ಯೋಪಾಧ್ಯಾಯರಿಗೆ. ‘ವಿಧಾನಸಭೆ ಪ್ರಶ್ನೆ ಬಂದಿದೆ, ನಾಳೆಯೊಳಗೆ ಮಾಹಿತಿ ಬೇಕು’ ಎಂಬ ಫೋನು ಬಂತೋ, ಎಲ್ಲರೂ ಎದ್ದು ಕೂರುತ್ತಾರೆ! ಕೋಣೆ ಎಣಿಸುತ್ತಾರೆ, ಹಾಜರಿ ಪುಸ್ತಕ ತೆಗೆಯುತ್ತಾರೆ, ಖಾಲಿ ಹುದ್ದೆಯ ತಾರೀಕು ಹುಡುಕುತ್ತಾರೆ. ಅದೇ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿ ಮಂತ್ರಿಗಳ ಬಾಯಲ್ಲಿ ಉತ್ತರವಾಗುತ್ತದೆ.

ಗಮನಿಸಿ, ಶಾಲೆಗೆ ಮೇಷ್ಟ್ರು ಇನ್ನೂ ಬಂದಿಲ್ಲ. ಆದರೆ ಮೇಷ್ಟ್ರಿಲ್ಲ ಎಂಬ ಸಂಗತಿ ಮೊದಲ ಬಾರಿಗೆ ಲೆಕ್ಕಕ್ಕೆ ಬಂದಿದೆ. ಮನೆಯ ಡಬ್ಬಿಗಳನ್ನು ಇಳಿಸಿ ನೋಡದಿದ್ದರೆ ಯಾವ ಸಾಮಾನು ಮುಗಿದಿದೆ ಎಂದು ತಿಳಿಯುವುದುಂಟೆ? ಸರ್ಕಾರವೂ ಹಾಗೆಯೇ. ಯಾರೂ ಕೇಳದ ಕೊರತೆ ಯಾವ ಪಟ್ಟಿಗೂ ಸೇರುವುದಿಲ್ಲ. ಪಟ್ಟಿಗೆ ಸೇರದ್ದಕ್ಕೆ ಹಣ ಬರುವುದಿಲ್ಲ.

ಇನ್ನೊಂದು ಸಂಗತಿ. ಸಭೆಯಲ್ಲಿ ಮಂತ್ರಿಗಳು ಆಡಿದ ಮಾತು ಚುನಾವಣೆಯ ಭಾಷಣದ ಹಾಗೆ ಗಾಳಿಗೆ ಹೋಗುವುದಿಲ್ಲ, ಅಚ್ಚಾಗಿ ಉಳಿಯುತ್ತದೆ. ಬೇಕೆಂದೇ ತಪ್ಪು ಮಾಹಿತಿ ಕೊಟ್ಟು ಸಭೆಯನ್ನು ದಾರಿತಪ್ಪಿಸಿದರೆ ಹಕ್ಕುಚ್ಯುತಿಯ ಪ್ರಶ್ನೆ ಏಳಬಹುದು. ‘ಮಾಡಿಸುತ್ತೇನೆ’ ಎಂದು ಮಾತು ಕೊಟ್ಟರೆ ಅದು ಭರವಸೆ ಎಂದು ದಾಖಲಾಗುತ್ತದೆ. ಲೋಕಸಭೆಯಲ್ಲಿ 1953ರಿಂದಲೂ ಇದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಅಲ್ಲಿ ಕೊಟ್ಟ ಮಾತನ್ನು ಮೂರು ತಿಂಗಳಲ್ಲಿ ನಡೆಸಿಕೊಡಬೇಕೆಂಬುದು ಪದ್ಧತಿ. ನಮ್ಮ ವಿಧಾನಮಂಡಲದಲ್ಲೂ ಅಂಥ ಸಮಿತಿ ಉಂಟು. ಕೊಟ್ಟ ಮಾತು ಬರೆದಿಟ್ಟುಕೊಂಡು ‘ಏನಾಯಿತು?’ ಎಂದು ಕೇಳುವ ಸಮಿತಿ! ನಮ್ಮ ಮನೆಗಳಲ್ಲೂ ಒಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ಲವೆ?

ಉತ್ತರದ ಒಳಗುಟ್ಟು

ಇನ್ನು ಉತ್ತರ ಓದುವುದನ್ನು ಕಲಿಯೋಣ. ಹೆದರಬೇಡಿ, ಇದು ನಿಮಗೆ ಗೊತ್ತಿರುವ ವಿದ್ಯೆಯೇ. ‘ಹಬ್ಬಕ್ಕೆ ಸೀರೆ?’ ಎಂದು ಕೇಳಿದಾಗ ಮನೆಯವರು ‘ನೋಡೋಣ’ ಎಂದರೆ ಅದರ ಅರ್ಥವೇನೆಂದು ನಿಮಗೆ ಬೇರೆ ಹೇಳಿಕೊಡಬೇಕೆ? ಸರ್ಕಾರದ ಉತ್ತರಗಳಲ್ಲೂ ಇಂಥ ಕೆಲವು ಮಾತು ಪದೇ ಪದೇ ಬರುತ್ತವೆ. ಪ್ರಶ್ನೆಯಲ್ಲಿ (ಅ), (ಆ), (ಇ) ಎಂದು ಭಾಗಗಳಿರುತ್ತವೆ, ಉತ್ತರವೂ ಅದೇ ಸಾಲಿನಲ್ಲಿ ಬರುತ್ತದೆ.

‘ಸರ್ಕಾರದ ಗಮನಕ್ಕೆ ಬಂದಿದೆಯೆ?’ ಎಂಬ ಪ್ರಶ್ನೆಗೆ ‘ಬಂದಿದೆ’ ಎಂದರೆ, ಗೊತ್ತಿರಲಿಲ್ಲ ಎಂದು ಇನ್ನು ಮುಂದೆ ಯಾರೂ ಹೇಳುವಂತಿಲ್ಲ. ಚಿಕ್ಕ ಮಾತಾದರೂ ಗಟ್ಟಿ ಮಾತು.

‘ಉದ್ಭವಿಸುವುದಿಲ್ಲ’ ಎಂದರೆ, ಮೊದಲ ಭಾಗಕ್ಕೆ ‘ಇಲ್ಲ’ ಎಂದಾದ ಮೇಲೆ ಮುಂದಿನದಕ್ಕೆ ಉತ್ತರವೇ ಬೇಡ ಎಂದರ್ಥ. ಪ್ರಶ್ನೆ ಸಡಿಲವಾಗಿದ್ದರೆ ಇದೊಂದೇ ಪದದಲ್ಲಿ ಎಲ್ಲಾ ಮುಗಿದುಹೋಗುತ್ತದೆ.

‘ಪರಿಶೀಲನೆಯಲ್ಲಿದೆ’ ಎಂದರೆ ತೀರ್ಮಾನವಾಗಿಲ್ಲ. ಇಲ್ಲಿ ಕೇಳಬೇಕಾದ ಮರುಪ್ರಶ್ನೆ: ಯಾರ ಮೇಜಿನ ಮೇಲಿದೆ? ಎಂದಿನಿಂದ ಇದೆ?

‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು’ ಎಂದರೆ, ಹಣ ಇನ್ನೂ ಎತ್ತಿಟ್ಟಿಲ್ಲ. ಮುಂದಿನ ಆಯವ್ಯಯದ ಹೊತ್ತಿಗೆ ಮತ್ತೆ ಕೇಳಬೇಕು.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದರೆ, ಲೆಕ್ಕ ಇರಲಿಲ್ಲ, ಈಗ ಎಣಿಸುತ್ತಿದ್ದಾರೆ.

‘ವಿವರವನ್ನು ಅನುಬಂಧದಲ್ಲಿ ಒದಗಿಸಿದೆ’ ಎಂದರೆ ಮಾತ್ರ ಖುಷಿ ಪಡಿ! ಆ ಅನುಬಂಧದಲ್ಲೇ ಊರೂರಿನ ಹೆಸರು, ಶಾಲೆಯ ಹೆಸರು, ಸಂಖ್ಯೆ ಎಲ್ಲಾ ಇರುತ್ತದೆ. ಭಾಷಣಕ್ಕಿಂತ ಆ ಪಟ್ಟಿಗೇ ಬೆಲೆ ಹೆಚ್ಚು. ನಿಮ್ಮೂರಿನ ಶಾಲೆಯ ಮುಂದೆ ‘ಶೌಚಾಲಯ: ಇದೆ’ ಎಂದು ಬರೆದಿದ್ದು, ನಿಜದಲ್ಲಿ ಅದಕ್ಕೆ ಬೀಗ ಜಡಿದಿದ್ದರೆ ಅದನ್ನು ಹೇಳಬಲ್ಲವರು ಬೆಂಗಳೂರಿನಲ್ಲಿ ಒಬ್ಬರೂ ಇಲ್ಲ. ನೀವೇ ಹೇಳಬೇಕು.

ಯಾವ ಪ್ರಶ್ನೆ ಯಾರಿಗೆ?

ಬಹಳ ಸಲ ನಮ್ಮ ಪ್ರಶ್ನೆ ಸೋಲುವುದು ತಪ್ಪು ಬಾಗಿಲು ತಟ್ಟುವುದರಿಂದ. ದೊಡ್ಡಮಳೂರಿನ ಕಡೆಯ ಒಬ್ಬ ಹುಡುಗಿ ಏಳನೇ ತರಗತಿ ಮುಗಿಸಿ ಚನ್ನಪಟ್ಟಣದ ಹೈಸ್ಕೂಲಿಗೆ ಹೋಗುತ್ತಾಳೆ ಎಂದು ಭಾವಿಸಿ. ಅವಳ ಒಂದು ದಿನದಲ್ಲಿ ಎಷ್ಟು ಇಲಾಖೆ ಇವೆ ನೋಡಿ. ಪಾಠ ಹೇಳುವ ಮೇಷ್ಟ್ರು ಶಿಕ್ಷಣ ಇಲಾಖೆ. ಹೋಗುವ ಬಸ್ಸು ಸಾರಿಗೆ ಇಲಾಖೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಯಿತು ನಿಜ, ಆದರೆ ಶಾಲೆಯ ಹೊತ್ತಿಗೆ ಬಸ್ಸು ನಿಲ್ಲಿಸಬೇಕಲ್ಲ! ಊರಿನ ಬೀದಿದೀಪ, ಕುಡಿಯುವ ನೀರು ಪಂಚಾಯಿತಿ. ರಾಷ್ಟ್ರೀಯ ಹೆದ್ದಾರಿ ದಾಟಬೇಕಾದರೆ ಅದು ಕೇಂದ್ರ ಸರ್ಕಾರ. ಮನೆಯಲ್ಲಿರುವ ತಮ್ಮನ ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆ.

ಐದು ಬಾಗಿಲು, ಒಬ್ಬಳೇ ಹುಡುಗಿ. ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಮನೆಯಲ್ಲಿ ಏನು ಮಾತು ಬರುತ್ತದೆ ಗೊತ್ತಲ್ಲ? ‘ಸಾಕು ಬಿಡು, ಓದಿ ಏನಾಗಬೇಕು, ಮನೆಯಲ್ಲಿರಲಿ.’ ರೇಷ್ಮೆ ನೂಲು ತೆಗೆಯುವ ಕಡೆಯೋ, ಬೊಂಬೆಗೆ ಅರಗಿನ ಬಣ್ಣ ಹಾಕುವ ಕಡೆಯೋ ಒಂದು ಜೊತೆ ಪುಟ್ಟ ಕೈ ಸೇರಿಕೊಳ್ಳುತ್ತದೆ. ಇಲ್ಲವೆ ಮದುವೆಯ ಮಾತು ಏಳುತ್ತದೆ. ಅವಳ ಓದು ನಿಂತದ್ದು ಯಾವ ಇಲಾಖೆಯ ತಪ್ಪು ಎಂದು ಆಮೇಲೆ ಯಾರು ಹೇಳಬೇಕು?

ಆದ್ದರಿಂದ ಕೇಳುವ ಮೊದಲು ಬಾಗಿಲು ಗುರುತಿಸಿ. ಮೇಷ್ಟ್ರು, ಕೊಠಡಿ, ಬಸ್ಸು ಇವೆಲ್ಲಾ ಶಾಸಕರ ಮೂಲಕ ವಿಧಾನಸಭೆಗೆ. ಹೆದ್ದಾರಿಯಂಥದ್ದು ಸಂಸತ್ ಸದಸ್ಯರ ಮೂಲಕ ದಿಲ್ಲಿಗೆ. ಶಿಕ್ಷಣ ಮೊದಲು ರಾಜ್ಯದ ವಿಷಯವಾಗಿತ್ತು. 1976ರ ಸಂವಿಧಾನ ತಿದ್ದುಪಡಿಯ ಮೇಲೆ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ವಿಷಯವಾಯಿತು. ಹಾಗಾಗಿ ಬಿಸಿಯೂಟದಂಥ ಕೇಂದ್ರದ ಹಣವೂ ಇರುವ ಯೋಜನೆಯ ಬಗ್ಗೆ ಎರಡೂ ಕಡೆ ಕೇಳಬಹುದು.

ಪ್ರಶ್ನೆಗೂ ಹದ ಬೇಕು

ಹದ ತಪ್ಪಿದ ಪಾಕ ಹೇಗೆ ಉಂಡೆಗೆ ಬರುವುದಿಲ್ಲವೋ ಸಡಿಲ ಪ್ರಶ್ನೆಯೂ ಕೈಗೆ ನಿಲ್ಲುವುದಿಲ್ಲ. ‘ನಮ್ಮೂರ ಶಾಲೆ ಯಾವಾಗ ಉದ್ಧಾರವಾಗುತ್ತೆ ಸ್ವಾಮಿ?’ ಎಂದು ಕೇಳಿದರೆ ಅದು ಸಂಕಟ, ಪ್ರಶ್ನೆಯಲ್ಲ. ಸಭೆಯ ನಿಯಮಗಳೂ ಪ್ರಶ್ನೆಯಲ್ಲಿ ವಾದ, ಕೊಂಕು, ಆರೋಪ ಇರಬಾರದು ಎನ್ನುತ್ತವೆ. ಅದನ್ನೇ ಹೀಗೆ ಕೇಳಿ ನೋಡಿ:

(ಅ) ತಾಲ್ಲೂಕಿನಲ್ಲಿ ಒಬ್ಬರೇ ಶಿಕ್ಷಕರಿರುವ ಸರ್ಕಾರಿ ಪ್ರಾಥಮಿಕ ಶಾಲೆಗಳು ಎಷ್ಟು? ಶಾಲಾವಾರು ವಿವರ ನೀಡುವುದು.

(ಆ) ಈ ಶಾಲೆಗಳಲ್ಲಿ ಹುದ್ದೆಗಳು ಯಾವ ದಿನದಿಂದ ಖಾಲಿ ಇವೆ?

(ಇ) ಅವನ್ನು ಯಾವ ಕಾಲಮಿತಿಯೊಳಗೆ ತುಂಬಲಾಗುವುದು?

ಇದರಲ್ಲಿ ಸಿಟ್ಟಿಲ್ಲ, ಬೈಗುಳವಿಲ್ಲ. ಆದರೆ ತಪ್ಪಿಸಿಕೊಳ್ಳಲು ಕಿಂಡಿಯೂ ಇಲ್ಲ. ಎಷ್ಟು, ಎಲ್ಲಿ, ಎಂದಿನಿಂದ, ಯಾವಾಗ – ಈ ನಾಲ್ಕು ಪದ ನೆನಪಿಟ್ಟುಕೊಂಡರೆ ಸಾಕು.

ಕೇಳಲು ಅಳತೆಗೋಲೂ ನಿಮ್ಮ ಕೈಯಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು, 6ರಿಂದ 14 ವರ್ಷದ ಮಗುವಿನ ಶಾಲೆಯಲ್ಲಿ ಏನಿರಬೇಕೆಂದು ಪಟ್ಟಿ ಕೊಟ್ಟಿದೆ. ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ. ಶುದ್ಧವಾದ ಕುಡಿಯುವ ನೀರು. ಬಿಸಿಯೂಟಕ್ಕೆ ಅಡುಗೆಮನೆ. ಆಟದ ಬಯಲು, ಸುತ್ತ ಗೋಡೆ ಅಥವಾ ಬೇಲಿ. ವರ್ಷಕ್ಕೆ ಐದನೇ ತರಗತಿಯವರೆಗೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ. ಈ ಪಟ್ಟಿಯನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ಸರಿಯೆ.

ಒಳ್ಳೆಯ ಉತ್ತರ ಎಂದರೆ ಹೇಗಿರುತ್ತದೆ?

ಮಂತ್ರಿಗಳೆಲ್ಲಾ ಜಾರಿಕೊಳ್ಳುವವರೇ ಎಂದುಕೊಂಡರೆ ಅನ್ಯಾಯವಾದೀತು. 1994ರಲ್ಲಿ ರಾಮನಗರದಿಂದ ಗೆದ್ದ ಎಚ್. ಡಿ. ದೇವೇಗೌಡರು ಮುಖ್ಯಮಂತ್ರಿಯಾದಾಗ ಪ್ರಾಥಮಿಕ ಶಿಕ್ಷಣದ ಹೊಣೆ ಹೊತ್ತವರು ಕೊಪ್ಪದ ಎಚ್. ಜಿ. ಗೋವಿಂದೇಗೌಡರು. ಮುಂದೆ ಜೆ. ಎಚ್. ಪಟೇಲರ ಮಂತ್ರಿಮಂಡಲದಲ್ಲೂ 1999ರವರೆಗೆ ಅದೇ ಹೊಣೆ. ಶಾಲೆಗಳಲ್ಲಿ ಮೇಷ್ಟ್ರಿಲ್ಲ ಎಂಬ ಕೂಗಿಗೆ ಅವರು ಕೊಟ್ಟ ಉತ್ತರ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕ. ಅದೂ ಲಂಚ, ಶಿಫಾರಸ್ಸು ಎನ್ನುವುದಕ್ಕೆ ಎಡೆಗೊಡದೆ, ಅಂಕ ಮತ್ತು ಮೀಸಲಾತಿಯ ಲೆಕ್ಕದಲ್ಲಿ. ಯಾರ ಮನೆ ಬಾಗಿಲಿಗೂ ಅಲೆಯದೆ ಆದೇಶ ಕೈಗೆ ಬಂತಲ್ಲಾ ಎಂದು ಬಡವರ ಮನೆಯ ಎಷ್ಟೋ ಹೆಣ್ಣುಮಕ್ಕಳು ಬೆರಗಾದರು. ಗೋವಿಂದೇಗೌಡರು 2016ರಲ್ಲಿ ತೀರಿಕೊಂಡಾಗ ನಾಡಿನ ಉದ್ದಗಲಕ್ಕೂ ಶಿಕ್ಷಕರು ಅವರನ್ನು ನೆನೆದದ್ದು ಸುಮ್ಮನೆಯೆ? ಒಳ್ಳೆಯ ಉತ್ತರ ಕೊನೆಗೆ ಕಾಣುವುದು ತರಗತಿಯ ಕುರ್ಚಿಯಲ್ಲಿ.

ಬಿಸಿಯೂಟದ ಕತೆಯೂ ಹಾಗೇ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಆಮೇಲೆ ರಾಜ್ಯಕ್ಕೆಲ್ಲಾ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಒಂದರಿಂದ ಐದನೇ ತರಗತಿಯ ಮಗುವಿಗೆ ಊಟದಲ್ಲಿ 100 ಗ್ರಾಂ, ಆರರಿಂದ ಎಂಟರ ಮಗುವಿಗೆ 150 ಗ್ರಾಂ ಧಾನ್ಯ ಎಂದು ಅಳತೆ ಗೊತ್ತುಮಾಡಿದ್ದಾರೆ. ಅಡುಗೆಯ ಅಳತೆ ನೋಡಿ ತಿಳಿಯಲು ನಮಗೆ ಅಧಿಕಾರಿಗಳು ಬೇಕೆ?

ಕೇಳದೇ ಹೋದರೆ?

ಉತ್ತರಕ್ಕಿಂತ ಹೆಚ್ಚಾಗಿ ನನಗೆ ದಿಗಿಲಾಗುವುದು ಪ್ರಶ್ನೆಯೇ ಇಲ್ಲದ ದಿನಗಳ ಬಗ್ಗೆ. ಸಭೆಯಲ್ಲಿ ಗದ್ದಲವೆದ್ದು ಪ್ರಶ್ನೋತ್ತರದ ಹೊತ್ತು ಕೊಚ್ಚಿಹೋಗುವುದನ್ನು ನೀವೂ ಟೀವಿಯಲ್ಲಿ ನೋಡಿದ್ದೀರಿ. 2020ರ ಸೆಪ್ಟೆಂಬರಿನಲ್ಲಿ ಕೊರೋನಾ ಕಾರಣದಿಂದ ಸಂಸತ್ತಿನ ಆ ಅಧಿವೇಶನದ ಮಟ್ಟಿಗೆ ಪ್ರಶ್ನೋತ್ತರದ ಅವಧಿಯನ್ನೇ ಬಿಟ್ಟರು. ಬರವಣಿಗೆಯ ಉತ್ತರವಷ್ಟೇ ಉಳಿಯಿತು, ಮರುಪ್ರಶ್ನೆ ಹೋಯಿತು. ಶಾಲೆಗಳ ಬಾಗಿಲು ಮುಚ್ಚಿ, ಮಕ್ಕಳು ಮನೆಯಲ್ಲಿ ಕೂತಿದ್ದ ವರ್ಷ ಅದು! ಕೇಳಬೇಕಾದ್ದು ಎಷ್ಟಿತ್ತು, ಅಲ್ಲವೆ?

ಹಾಗೆಂದು ಎಲ್ಲಾ ಪ್ರಶ್ನೆಯೂ ವಿಧಾನಸೌಧದ ಮೆಟ್ಟಿಲು ಹತ್ತಬೇಕಾಗಿಲ್ಲ. ಕನಕಪುರದಿಂದ 1983ರಲ್ಲಿ ಉಪಚುನಾವಣೆ ಗೆದ್ದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬರು ಪಂಚಾಯತ್ ಮಂತ್ರಿ ಆಗಿದ್ದ ಕಾಲದಲ್ಲಿ ಹೊಸ ಪಂಚಾಯತ್ ಕಾಯಿದೆ ಬಂತು. 1987ರ ಚುನಾವಣೆಯಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆಂದು ಮೀಸಲಾಯಿತು. ಈಗ ಅದು ಅರ್ಧಕ್ಕೆ ಅರ್ಧ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಅಲ್ಲಿ ನೀವು ನೇರವಾಗಿ ಎದ್ದು ನಿಂತು ಕೇಳಬಹುದು. ಶಾಸಕರ ಮಧ್ಯಸ್ಥಿಕೆ ಬೇಕಿಲ್ಲ.

ಇನ್ನೂ ಹತ್ತಿರದ ಬಾಗಿಲು ಶಾಲೆಯಲ್ಲೇ ಇದೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಸ್.ಡಿ.ಎಂ.ಸಿ. ಎನ್ನುತ್ತಾರಲ್ಲ, ಅದು. ಕಾಯಿದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆ ತಾಯಿಯೇ ಆಗಿರಬೇಕು, ಅರ್ಧ ಮಂದಿ ಹೆಂಗಸರಾಗಿರಬೇಕು. ಹೆಸರಿಗೆ ನೀವು ಸದಸ್ಯೆ, ರುಜು ಹಾಕಲು ಪುಸ್ತಕ ಮನೆಗೆ ಬರುತ್ತದೆ, ಮಾತಾಡುವುದು ಮಾತ್ರ ಮನೆಯವರು – ಹೀಗೆ ನಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಓದದೆ ರುಜು ಹಾಕಬೇಡಿ.

ಬಾಯಿಮಾತಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಶುಲ್ಕ, ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರದಂತೆ. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ‘ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು?’ ಎಂದು ಬಿಳಿಯ ಹಾಳೆಯ ಮೇಲೆ ಕನ್ನಡದಲ್ಲೇ ಬರೆದು ಕೊಟ್ಟರಾಯಿತು. ಆ ಕಾಗದ ಹಿಡಿದು ಶಾಸಕರ ಹತ್ತಿರ ಹೋದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ‘ಇದನ್ನು ಮುಂದಿನ ಅಧಿವೇಶನದಲ್ಲಿ ಕೇಳಿ’ ಎಂದು ಧೈರ್ಯವಾಗಿ ಹೇಳಬಹುದು.

ಒಬ್ಬರೇ ಹೋಗಲು ಸಂಕೋಚವೆ? ಸ್ವಸಹಾಯ ಸಂಘದ ಐದಾರು ಮಂದಿ ಜೊತೆಯಾಗಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮೊಮ್ಮಗಳ ಶಾಲೆಯ ವಿಷಯ ಎಂದರೆ ಅವರು ನಿಮಗಿಂತ ಗಟ್ಟಿಯಾಗಿ ಕೇಳುತ್ತಾರೆ!

ಈ ಹದಿನೈದು ದಿನದಲ್ಲಿ ಒಂದು ಕೆಲಸ ಮಾಡಿ. ಮಗುವನ್ನು ಬಿಡಲು ಹೋದಾಗ ಶಾಲೆಯ ಬಾಗಿಲಲ್ಲೇ ತಿರುಗಿ ಬರಬೇಡಿ, ಒಳಗೆ ಹೋಗಿ. ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೆ, ನಲ್ಲಿಯಲ್ಲಿ ನೀರು ಬರುತ್ತದೆಯೆ, ಅಡುಗೆಯ ಕೋಣೆ ಸೋರುತ್ತದೆಯೆ, ನೋಡಿ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲೇ ಐದು ಸಾಲು ಬರೆದಿಡಿ, ತಾರೀಕು ಹಾಕಿ. ಮುಂದಿನ ಅಧಿವೇಶನದ ದಿನಾಂಕ ಗೊತ್ತಾದಾಗ ಅದನ್ನು ಶಾಸಕರ ಕೈಗೆ ಕೊಡಿ. ಆಮೇಲೆ ಪ್ರಶ್ನೋತ್ತರದ ಪುಟ ಬಂದ ದಿನ ಅಕ್ಕಿ ಆರಿಸಲು ಬೇರೆ ಕಾಗದ ಹುಡುಕಿಕೊಳ್ಳಿ.